‘ಕಾಯಕವೇ ಕೈಲಾಸ’ — ಅರ್ಥ ಮತ್ತು ಬಳಕೆ



ಸೊಲ್ಲಾಪುರ, ಅಕ್ಕಲಕೋಟ, ಜತ್ತ ಭಾಗದ ನಮ್ಮವರ ಅಂಗಡಿಗಳಲ್ಲಿ, ಟ್ರ್ಯಾಕ್ಟರುಗಳ ಹಿಂದೆ ‘ಕಾಯಕವೇ ಕೈಲಾಸ’ ಎಂದು ಬರೆಸಿರುವುದನ್ನು ಕಾಣುತ್ತೇವೆ. ನಿತ್ಯ ಬಾಯಲ್ಲಿರುವ ಮಾತಿನ ಅರ್ಥ ಬೇಗ ಸವೆಯುತ್ತದೆ. ಆದಕಾರಣ ಈ ಸಲ ಅದನ್ನೇ ಅಭ್ಯಾಸಕ್ಕೆ ತೆಗೆದುಕೊಂಡಿದೆ.

ಪದಗಳ ಅರ್ಥ: ಕಾಯವೆಂದರೆ ದೇಹ. ಮೈಮುರಿದು, ಸತ್ಯಶುದ್ಧವಾಗಿ, ನಾಲ್ಕು ಜನಕ್ಕೆ ಉಪಯೋಗವಾಗುವಂತೆ ದುಡಿಯುವುದೇ ಕಾಯಕ. ಕೈಲಾಸವು ಶಿವನ ನೆಲೆ. ಮರಾಠಿ ಲಗ್ನಪತ್ರಿಕೆಗಳಲ್ಲಿ ತೀರಿಕೊಂಡ ಹಿರಿಯರ ಹೆಸರಿನ ಮೊದಲು ‘ಕೈ.’ ಎಂದು ಅಚ್ಚಾಗಿರುತ್ತದೆ. ಅದು ‘ಕೈಲಾಸವಾಸಿ’ ಎಂಬುದರ ಸಂಕ್ಷೇಪ. ಅಂದರೆ ರೂಢಿಯಲ್ಲಿ ಕೈಲಾಸವು ಸತ್ತ ಮೇಲೆ ಸೇರುವ ಸ್ಥಾನ. ಶರಣರಾದರೋ ಅದನ್ನು ಬದುಕಿರುವಾಗಲೇ, ದುಡಿಯುವ ಜಾಗದಲ್ಲಿಯೇ ಕಂಡರು.

ಯಾರ ಮಾತು: ಬಹಳ ಜನ ಇದರ ಕೆಳಗೆ ಬಸವಣ್ಣನವರ ಹೆಸರು ಬರೆಸುತ್ತಾರೆ. ತತ್ತ್ವವು ಎಲ್ಲ ಶರಣರದು, ನಿಜ. ಆದರೆ ಈ ನುಡಿ ದೊರೆಯುವುದು 12ನೆಯ ಶತಮಾನದ ಆಯ್ದಕ್ಕಿ ಮಾರಯ್ಯನವರ ವಚನದಲ್ಲಿ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಅವರ ಕಾಯಕ. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರಲು ಪತ್ನಿ ಲಕ್ಕಮ್ಮನವರು ಹೇಳಿದರೆಂದು ಪರಂಪರೆ ತಿಳಿಸುತ್ತದೆ. ದುಡಿಮೆಯಿದ್ದರೆ ಸಾಲದು, ಮಿತಿಯೂ ಬೇಕು ಎಂಬುದೇ ಇದರ ಪಾಠ.

ಬಳಕೆ: “ಏನ್ರೀ ಗೌಡ್ರ, ಈ ಬಿಸಿಲಾಗೂ ಹೊಲಕ್ಕ ಹೊಂಟೀರಿ?” ಎಂದರೆ, “ಕಾಯಕವೇ ಕೈಲಾಸ ಅಲ್ರೀ!” ಎನ್ನುವುದು ಸರಿಯಾದ ಬಳಕೆ. ಅಲ್ಲಿ ಆಡುವವರೂ ದುಡಿಯುವವರೂ ಒಬ್ಬರೇ. ಆದರೆ ಹಮಾಲನು ಬಾಕಿ ಕೂಲಿ ಕೇಳಿದಾಗ ಮಾಲಕರು ಇದೇ ಮಾತು ಹೇಳಿ ಕಳಿಸಿದರೆ ಅದು ದುರ್ಬಳಕೆ. ಇದು ತನಗೆ ತಾನೇ ಹೇಳಿಕೊಳ್ಳುವ ಮಾತು. ಇನ್ನೊಬ್ಬರ ಬೆವರಿಗೆ ಕೊಡುವ ರಸೀದಿಯಲ್ಲ. ತೂಕದಲ್ಲಿ ಕಡಿಮೆ ಕೊಟ್ಟು ಗಳಿಸಿದ್ದು ಖಾತೆಯಲ್ಲಿ ಲಾಭವಾಗಿ ಜಮಾ ಆದೀತು, ಕಾಯಕವೆನಿಸದು.

ಮನೆಯಲ್ಲಿ ವಿಚಾರಿಸಲು:
1. ನನ್ನ ತಕ್ಕಡಿ ಕೊಳ್ಳುವಾಗಲೂ ಮಾರುವಾಗಲೂ ಒಂದೇ ಇದೆಯೇ?
2. ಆಳಿನ ಕೂಲಿ ಹೊತ್ತಿಗೆ ಸರಿಯಾಗಿ ಸಲ್ಲಿತೇ?
3. ಗಳಿಕೆಯಲ್ಲಿ ದಾಸೋಹಕ್ಕೆ ಪಾಲು ತೆಗೆದೆನೇ?

ಮರಾಠಿ ಶಾಲೆಗೆ ಹೋಗುವ ನಮ್ಮ ಮಕ್ಕಳಿಗೆ ಗೋಡೆಯ ಮೇಲಿನ ಈ ಕನ್ನಡ ಅಕ್ಷರಗಳನ್ನು ಓದಿಸಿ, ಅರ್ಥವನ್ನೂ ಹೇಳಿರಿ. ಹೇಳುವುದಕ್ಕಿಂತ ಮೊದಲು ಅವರು ನಮ್ಮ ವ್ಯವಹಾರವನ್ನು ನೋಡಿರುತ್ತಾರೆಂಬುದು ನೆನಪಿರಲಿ.