ರಾತ್ರಿಯೇ ಹಗಲಾದವರ ಆರೋಗ್ಯ

ದೀಪಾವಳಿ ಕಳೆದು ಗದ್ದೆಯ ಕೊಯ್ಲು ಮುಗಿಯುತ್ತಿದ್ದಂತೆ ನಮ್ಮ ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆಯ ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಡುತ್ತವೆ. ಮಂದಾರ್ತಿ ಕ್ಷೇತ್ರವೊಂದರಿಂದಲೇ ಐದು ಮೇಳಗಳು ಹೊರಡುತ್ತವೆ. ಮಾರಣಕಟ್ಟೆ, ಕಮಲಶಿಲೆ, ಸೌಕೂರು ಮೊದಲಾದ ಹರಕೆ ಆಟದ ಮೇಳಗಳು ಬೇರೆ. ಡೇರೆ ಮೇಳಗಳೆಂದು ಹೆಸರಾದ ಸಾಲಿಗ್ರಾಮ, ಪೆರ್ಡೂರು ಮೇಳಗಳೂ ಇವೆ. ಮೇ ತಿಂಗಳ ಕೊನೆಯವರೆಗೆ ಸುಮಾರು ಆರು ತಿಂಗಳು ಇವರಿಗೆ ದಿನಕ್ಕೊಂದು ಊರು, ರಾತ್ರಿಗೊಂದು ಆಟ. ನಾವು ಆಟ ನೋಡಿ ಮನೆಗೆ ಬಂದು ಮಲಗುತ್ತೇವೆ. ಅವರ ಆರೋಗ್ಯದ ಬಗ್ಗೆ ಯೋಚಿಸುವವರು ಕಡಿಮೆ.

ಕೆಲವು ವರ್ಷಗಳ ಹಿಂದೆ ನಲವತ್ತೆಂಟು ವರ್ಷದ ವೇಷಧಾರಿಯೊಬ್ಬರನ್ನು ಬೆಳಗಿನ ಮೂರು ಗಂಟೆಗೆ ನನ್ನಲ್ಲಿಗೆ ಕರೆತಂದಿದ್ದರು. ಚೌಕಿಯಲ್ಲಿ ಮುಂಡಾಸು ಬಿಚ್ಚುವಾಗ ಕಣ್ಣು ಕತ್ತಲೆಯಾಗಿ ಬಿದ್ದಿದ್ದರು. ಮೈಯೆಲ್ಲ ಬೆವರು, ಮಾತು ತೊದಲು. ಕುಣಿದ ಸುಸ್ತು ಎಂದು ಎಲ್ಲರೂ ಗಾಳಿ ಹಾಕುತ್ತಿದ್ದರಂತೆ. ಪರೀಕ್ಷಿಸಿದಾಗ ರಕ್ತದ ಸಕ್ಕರೆ 48 ಮಾತ್ರ ಇತ್ತು! ಗ್ಲೂಕೋಸ್ ಕೊಟ್ಟ ಸ್ವಲ್ಪ ಹೊತ್ತಿನಲ್ಲೇ ಎದ್ದು ಕುಳಿತರು. ಸಂಜೆ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿದ್ದರು. ಹೊಟ್ಟೆ ಭಾರವಾದರೆ ಕುಣಿಯಲು ಆಗುವುದಿಲ್ಲವೆಂದು ಊಟ ಬಿಟ್ಟಿದ್ದರು. "ರಾತ್ರಿ ಊಟಕ್ಕೆ ಮೊದಲು ಎಂದು ಹೇಳಿದ್ದೆನಲ್ಲ" ಎಂದೆ. "ಯಾವ ರಾತ್ರಿ ಡಾಕ್ಟ್ರೇ? ನಮ್ಗೆ ರಾತ್ರಿಯೇ ಹಗ್ಲಲ್ದಾ?" ಎಂದರು. ತಪ್ಪು ಅವರದ್ದಲ್ಲ, ಚೀಟಿ ಬರೆದ ನನ್ನದು. ಅವರ ಗಡಿಯಾರವನ್ನು ಕೇಳದೆ ನನ್ನ ಗಡಿಯಾರಕ್ಕೆ ಮಾತ್ರೆ ಬರೆದಿದ್ದೆ.

ದೇಹದೊಳಗಿನ ಗಡಿಯಾರ

ನಮ್ಮ ಮೆದುಳಿನಲ್ಲಿ, ಅಷ್ಟೇ ಏಕೆ, ಹೆಚ್ಚುಕಡಿಮೆ ಎಲ್ಲ ಜೀವಕೋಶಗಳಲ್ಲೂ ಸುಮಾರು 24 ಗಂಟೆಯ ಗಡಿಯಾರವೊಂದು ನಡೆಯುತ್ತಿರುತ್ತದೆ. ಇದರ ಒಳಗುಟ್ಟನ್ನು ತಿಳಿಸಿಕೊಟ್ಟ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಕತ್ತಲಾದಾಗ ಮೆಲಟೋನಿನ್ ಎಂಬ ಹಾರ್ಮೋನು ಹೆಚ್ಚಿ ನಿದ್ದೆ ಬರುತ್ತದೆ. ರಾತ್ರಿ ತಿಂದ ಆಹಾರದ ಸಕ್ಕರೆಯನ್ನು ಅರಗಿಸುವ ಶಕ್ತಿ ಹಗಲಿಗಿಂತ ಕಡಿಮೆ. ಹೀಗಿರುವಾಗ ತಿಂಗಳುಗಟ್ಟಲೆ ರಾತ್ರಿ ದುಡಿದು, ಹಗಲು ಬೆಳಕಿನಲ್ಲಿ ನಾಲ್ಕೈದು ಗಂಟೆ ತುಂಡು ತುಂಡಾಗಿ ಮಲಗಿದರೆ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೃದ್ರೋಗ, ಹೊಟ್ಟೆಯುರಿ ಇವೆಲ್ಲಕ್ಕೂ ದಾರಿಯಾಗುತ್ತದೆ. ರಾತ್ರಿ ಪಾಳಿಯ ದಾದಿಯರು, ಕಾರ್ಖಾನೆ ಕೆಲಸಗಾರರು, ಮೀನುಗಾರರು ಇವರಿಗೂ ಈ ಮಾತು ಸಲ್ಲುತ್ತದೆ. ಇತ್ತೀಚಿನ ವರ್ಷಗಳಲ್ಲಿ ಕಾಲಮಿತಿ ಆಟಗಳು ಬಂದು ಮಧ್ಯರಾತ್ರಿಯ ಆಚೀಚೆ ಮಂಗಳವಾಗುತ್ತಿರುವುದು ದೇಹಕ್ಕೆ ಒಳ್ಳೆಯದೇ. ಆದರೆ ಉಳಿದ ಅರ್ಧ ರಾತ್ರಿಯನ್ನು ಬೈಕಿನ ಮೇಲೆ ಕಳೆದರೆ ಆ ಲಾಭ ಉಳಿಯುವುದಿಲ್ಲ.

ವೇಷದೊಳಗೆ ಅಡಗುವ ರೋಗ

ಭಾರವಾದ ವೇಷ, ದೀಪದ ಸೆಕೆ, ಕರಾವಳಿಯ ತೇವದ ಹವೆ: ಬೆವರದೆ ಇರುವವರು ಯಾರು? ಅಪಾಯವಿರುವುದು ಇಲ್ಲಿಯೇ. ಸಕ್ಕರೆ ಇಳಿದಾಗಲೂ ಬೆವರು, ಹೃದಯಾಘಾತವಾದಾಗಲೂ ಬೆವರು. ಏದುಸಿರು ಬಂದರೆ ಕುಣಿತದ್ದೆಂದೂ ಎದೆಯುರಿ ಬಂದರೆ ಗ್ಯಾಸ್ಟ್ರಿಕ್ ಎಂದೂ ತಿಳಿದು ಸೋಡ ಕುಡಿದು ಮತ್ತೆ ರಂಗಸ್ಥಳಕ್ಕೆ ಹೋಗುವವರಿದ್ದಾರೆ. ಹಿರಿಯ ಕಲಾವಿದ ಕೆರೆಮನೆ ಶಂಭು ಹೆಗಡೆಯವರು 2009ರಲ್ಲಿ ಇಡಗುಂಜಿಯಲ್ಲಿ ವೇಷದಲ್ಲಿದ್ದಾಗಲೇ ಅಸ್ವಸ್ಥರಾಗಿ ತೀರಿಕೊಂಡರು. 2019ರ ಮಾರ್ಚಿನಲ್ಲಿ ಬೈಂದೂರು ಬಳಿಯ ಯಡ್ತರೆಯಲ್ಲಿ ಹುಡಗೋಡು ಚಂದ್ರಹಾಸ ಅವರು ರಂಗದಲ್ಲೇ ಕುಸಿದರು, ಮತ್ತೆ ಏಳಲಿಲ್ಲ. ಇಂತಹ ಸಾವನ್ನು ಜನ "ಕಲಾವಿದನಿಗೆ ತಕ್ಕ ಮರಣ" ಎನ್ನುವುದುಂಟು. ಮನೆಯಲ್ಲಿ ಕಾಯುತ್ತಿರುವ ಹೆಂಡತಿ ಮಕ್ಕಳಿಗೆ ಆ ಮಾತಿನಿಂದ ಸಮಾಧಾನವಾದೀತೇ?

ಇನ್ನೊಂದು ಸಂಗತಿ ಹೊರಗಿನವರಿಗೆ ತಿಳಿದಿರುವುದಿಲ್ಲ. ಕಟ್ಟಿದ ವೇಷ ಬಿಚ್ಚಿ ಮೂತ್ರಕ್ಕೆ ಹೋಗುವುದು ಸುಲಭವಲ್ಲ. ಆದ್ದರಿಂದ ಕೆಲವರು ಸಂಜೆಯಿಂದಲೇ ನೀರು ಕುಡಿಯುವುದಿಲ್ಲ. ಮೂತ್ರ ಹೆಚ್ಚಿಸುವ ರಕ್ತದೊತ್ತಡದ ಮಾತ್ರೆಯನ್ನು ಗುಟ್ಟಾಗಿ ನಿಲ್ಲಿಸಿಬಿಡುತ್ತಾರೆ. ಇದರಿಂದ ಮೂತ್ರದ ಕಲ್ಲು, ಮೂತ್ರದ ಸೋಂಕು ಬರಬಹುದು. ರಕ್ತದೊತ್ತಡ ಏರಿ ಪಾರ್ಶ್ವವಾಯುವೂ ಆಗಬಹುದು. ಮಾತ್ರೆಯ ಹೊತ್ತನ್ನು ಬದಲಿಸಬಹುದು, ಬೇರೆ ಮಾತ್ರೆಯನ್ನೂ ಕೊಡಬಹುದು. ಆದರೆ ವೈದ್ಯರಿಗೆ ಹೇಳಿದರೆ ಮಾತ್ರ ತಾನೇ?

ಮೇಳದವರು ಪಾಲಿಸಬೇಕಾದದ್ದು

1. ವೈದ್ಯರ ಬಳಿ ಹೋದಾಗ ಮೊದಲ ಮಾತೇ "ನಾನು ಮೇಳದಲ್ಲಿದ್ದೇನೆ" ಎಂದಿರಲಿ. ಎಷ್ಟು ಹೊತ್ತಿಗೆ ಏಳುತ್ತೀರಿ, ಉಣ್ಣುತ್ತೀರಿ, ಮಲಗುತ್ತೀರಿ ಎಂದು ತಿಳಿಸಿ ಅದಕ್ಕೆ ಸರಿಯಾಗಿ ಮಾತ್ರೆ, ಇನ್ಸುಲಿನ್ ಬರೆಸಿಕೊಳ್ಳಿ. ನೀವಾಗಿಯೇ ಬದಲಾಯಿಸಬೇಡಿ.

2. ಊಟದೊಂದಿಗೆ ಎಂದು ಕೊಟ್ಟ ಸಕ್ಕರೆ ಮಾತ್ರೆಯನ್ನು ಊಟವಿಲ್ಲದೆ ನುಂಗಬೇಡಿ. ವೇಷ ಕಟ್ಟುವ ಎರಡು ಗಂಟೆ ಮೊದಲು ಮಿತವಾಗಿ ಉಣ್ಣಿ. ಚೌಕಿಯಲ್ಲಿ ಸಕ್ಕರೆ ಅಥವಾ ಗ್ಲೂಕೋಸ್ ಪುಡಿ ಸದಾ ಇರಲಿ.

3. ಹಗಲು ಒಟ್ಟು ಏಳು ಗಂಟೆಯಾದರೂ ನಿದ್ದೆ ಬೇಕು. ಕೋಣೆ ಕತ್ತಲಾಗಿರಲಿ, ಇಲ್ಲವಾದರೆ ಕಣ್ಣಿಗೆ ಬಟ್ಟೆ ಕಟ್ಟಿಕೊಳ್ಳಿ. ಮೊಬೈಲನ್ನು ಮೌನವಾಗಿಸಿ. ರಾತ್ರಿಯ ಉತ್ತರಾರ್ಧದಲ್ಲಿ ಚಹಾ, ಕಾಫಿ ಬೇಡ.

4. ನಿದ್ದೆ ತಡೆಯಲು ಎಲೆಯಡಿಕೆ ಹೊಗೆಸೊಪ್ಪು, ಆಯಾಸಕ್ಕೆ ಮದ್ಯ: ಎರಡೂ ಸಾಲವಿದ್ದಂತೆ, ಬಡ್ಡಿ ಸೇರಿಸಿ ತೀರಿಸಬೇಕಾಗುತ್ತದೆ. ಮದ್ಯದಿಂದ ಬರುವ ನಿದ್ದೆ ಆಳವಾದದ್ದಲ್ಲ.

5. ಆಟ ಮುಗಿದೊಡನೆ ಬೈಕ್ ಹತ್ತಬೇಡಿ. ದಿನವಿಡೀ ನಿದ್ದೆಗೆಟ್ಟವನು ಕುಡಿದು ಓಡಿಸುವವನಷ್ಟೇ ಅಪಾಯಕಾರಿ. ಹೆಲ್ಮೆಟ್ ಧರಿಸಿದವನಿಗೂ ತೂಕಡಿಕೆ ಬರುತ್ತದೆ. ಗುಂಡ್ಮಿ ಕಾಳಿಂಗ ನಾವಡರಂತಹ ಭಾಗವತರನ್ನು 1990ರಲ್ಲಿ ನಾವು ಕಳೆದುಕೊಂಡದ್ದು ರಸ್ತೆ ಅಪಘಾತದಲ್ಲಿ. ಕಾರಣ ಏನೇ ಇರಲಿ, ರಸ್ತೆಯಲ್ಲಿ ಹೋದ ಜೀವ ತಿರುಗಿ ಬಾರದು. ಮೇಳದ ಬಸ್ಸಿನಲ್ಲೇ ಬನ್ನಿ, ಇಲ್ಲವೇ ಅಲ್ಲಿಯೇ ಅರ್ಧ ಗಂಟೆ ಮಲಗಿ ಹೊರಡಿ.

6. ಭಾಗವತರು ಪದದ ನಡುನಡುವೆ ಉಗುರುಬೆಚ್ಚಗಿನ ನೀರನ್ನು ಗುಟುಕರಿಸಲಿ. ಮೂರು ವಾರ ಕಳೆದರೂ ಸ್ವರ ಒಡೆದೇ ಇದ್ದರೆ ಗಂಟಲು ತಜ್ಞರಿಗೆ ತೋರಿಸಬೇಕು. ಮಂಡಿ ಹಾಕಿ ಮೊಣಕಾಲು ಊದಿಕೊಂಡವರು ನೋವಿನ ಮಾತ್ರೆ ನುಂಗಿ ಮರುದಿನವೂ ಮಂಡಿ ಹಾಕಬಾರದು. ಆ ಮಾತ್ರೆಗಳನ್ನು ದಿನಾ ನುಂಗಿದರೆ ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ ಬರುತ್ತದೆ.

ರಂಗದಲ್ಲಿ ಯಾರಾದರೂ ಕುಸಿದರೆ

ಎದೆ ಬಿಗಿತ, ಎಡಗೈ ಅಥವಾ ದವಡೆಗೆ ಹರಿಯುವ ನೋವು, ತಣ್ಣನೆ ಬೆವರು ಕಂಡರೆ ವೇಷ ಅರ್ಧದಲ್ಲಿ ನಿಂತರೂ ಚಿಂತೆಯಿಲ್ಲ, ಕೂಡಲೇ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೊರಡಿ. ಸಕ್ಕರೆ ಕಾಯಿಲೆಯವರಿಗೆ ನೋವಿಲ್ಲದೆಯೂ ಹೃದಯಾಘಾತವಾಗಬಹುದು. ಕುಸಿದವರು ಕರೆದರೆ ಓಗೊಡದೆ, ಸರಿಯಾಗಿ ಉಸಿರಾಡದೆ ಇದ್ದರೆ ಎದೆಕಟ್ಟು ಬಿಚ್ಚಿ, ಎದೆಯ ನಡುವೆ ಎರಡೂ ಅಂಗೈ ಇಟ್ಟು ನಿಮಿಷಕ್ಕೆ 100ರಿಂದ 120 ಬಾರಿ ಎರಡು ಅಂಗುಲ ಆಳಕ್ಕೆ ಒತ್ತುತ್ತಿರಬೇಕು. ಆಂಬುಲೆನ್ಸ್ ಬರುವವರೆಗೆ ನಿಲ್ಲಿಸಬಾರದು. ಒಬ್ಬರಿಗೆ ದಣಿವಾದರೆ ಇನ್ನೊಬ್ಬರು ಮುಂದುವರಿಸಲಿ. ನಮ್ಮ ಒಳಊರುಗಳಿಂದ ದೊಡ್ಡ ಆಸ್ಪತ್ರೆ ಮುಟ್ಟಲು ಗಂಟೆ ಹಿಡಿಯುವುದುಂಟು. ಆದ್ದರಿಂದ ಪ್ರತಿ ಮೇಳದಲ್ಲೂ ನಾಲ್ಕು ಮಂದಿಯಾದರೂ ಇದನ್ನು ಕಲಿತಿರಬೇಕು. ಲಯ ತಪ್ಪದ ಚಂಡೆ ಮದ್ದಳೆಯವರಿಗೆ ಇದು ಕಷ್ಟವೇನಲ್ಲ.

ಆಟ ಆಡಿಸುವ ಮನೆಯವರಿಗೆ

ಹರಕೆ ಆಟಕ್ಕೆ ವರ್ಷಗಟ್ಟಲೆ ಕಾದು ದಿನ ಪಡೆಯುವ ಮನೆಗಳು ನಮ್ಮಲ್ಲಿ ಬಹಳ. ಮೇಳದವರಿಗೆ ಹೊಟ್ಟೆ ತುಂಬ ಪಾಯಸ, ಹೋಳಿಗೆ ಬಡಿಸುವುದು ಪ್ರೀತಿಯಿಂದಲೇ. ಅದರ ಜೊತೆಗೆ ಅನ್ನ, ಸಾರು, ಪಲ್ಯ, ಮಜ್ಜಿಗೆ ಇರಲಿ. ಕುದಿಸಿ ಆರಿಸಿದ ನೀರು, ಚೌಕಿಯ ಹತ್ತಿರ ಸ್ವಚ್ಛವಾದ ಶೌಚಾಲಯ, ಮಲಗಲು ಸೆಕೆಯಿಲ್ಲದ ಒಂದು ಜಾಗ ಕೊಡಿ. ಕಲಾವಿದರ ಮನೆಯವರು ಹಗಲು ಮಲಗಿದವರನ್ನು ಮದುವೆ, ಮುಂಜಿ ಎಂದು ಎಬ್ಬಿಸದಿರಲಿ.

ಮೊದಲು ಹೇಳಿದ ಆ ವೇಷಧಾರಿಯವರು ಈಗಲೂ ತಿರುಗಾಟದಲ್ಲಿದ್ದಾರೆ. ಅವರ ಚೀಟಿಯಲ್ಲಿ ನಾನು ಈಗ "ಬೆಳಿಗ್ಗೆ, ರಾತ್ರಿ" ಎಂದು ಬರೆಯುವುದಿಲ್ಲ. "ಎದ್ದು ಉಂಡಾಗ, ವೇಷಕ್ಕೆ ಮೊದಲು ಉಂಡಾಗ" ಎಂದು ಬರೆಯುತ್ತೇನೆ. ನಿಮ್ಮ ಮನೆಯಲ್ಲೂ ರಾತ್ರಿ ದುಡಿಯುವವರಿದ್ದರೆ ಅವರ ಔಷಧಿ ಚೀಟಿಯನ್ನು ಇಂದೇ ಒಮ್ಮೆ ತೆಗೆದು ನೋಡಿ. ಮಳೆಗಾಲ ಬರಲಿ, ಆಗ ತೋರಿಸುವ ಎಂದು ಕಾಯಬೇಡಿ.