ಕೊಲೊನೋಸ್ಕೋಪಿ ಮುಗಿಯಿತು, ಮನೆಗೆ ಕರೆತರುವವರು ಯಾರು?

ಅಮೆರಿಕಕ್ಕೆ ಬಂದು ಸಾಮಾನು ಬಿಚ್ಚಿಟ್ಟು ಮುಗಿದಿರುವುದಿಲ್ಲ, ಡಾಕ್ಟರು ‘ನಿಮಗೆ 45 ಆಯಿತಲ್ಲ, ಕೊಲೊನೋಸ್ಕೋಪಿ ಮಾಡಿಸಿ’ ಎನ್ನುತ್ತಾರೆ. 2021ರಿಂದ ಇಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ತಪಾಸಣೆ ಆ ವಯಸ್ಸಿಗೇ ಶುರು. ಹಿಂದಿನ ರಾತ್ರಿ ಕುಡಿಯುವ ಭೇದಿ ಔಷಧಿಯ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಪರೀಕ್ಷೆ ಮುಗಿದ ಮೇಲಿನದ್ದನ್ನು ಹೇಳುವವರು ಕಡಿಮೆ.

ಮೊದಲ ತೊಡಕು ಮನೆ ಸೇರುವುದೇ. ಮಂಪರು ಔಷಧಿ ಕೊಟ್ಟವರನ್ನು ಸಾಮಾನ್ಯವಾಗಿ ಒಂಟಿಯಾಗಿ ಕಳಿಸುವುದಿಲ್ಲ. ಊಬರ್ ಚಾಲಕ ಲೆಕ್ಕಕ್ಕೆ ಬರುವುದಿಲ್ಲ. ಜೊತೆಗೆ ಪರಿಚಯದವರು ಇಲ್ಲದಿದ್ದರೆ ಪರೀಕ್ಷೆಯನ್ನೇ ಮುಂದೂಡುವುದುಂಟು. ಗಂಡ ಹೆಂಡತಿ ಇಬ್ಬರೇ ಇರುವ ಮನೆಯಲ್ಲಿ ಮಗು ಶಾಲೆಯಿಂದ ಬರುವ ಹೊತ್ತಿಗೇ ಆಸ್ಪತ್ರೆಯವರೂ ಕರೆಯುತ್ತಾರೆ. ಹಾಗಾಗಿ ಸಂಕೋಚ ಬಿಟ್ಟು ವಾರ ಮೊದಲೇ ನಿಮ್ಮೂರಿನ ಕನ್ನಡ ಕೂಟದ ವಾಟ್ಸಾಪ್ ಗುಂಪಿನಲ್ಲಿ ಕೇಳಿ. ಯಾವ ಪರೀಕ್ಷೆ ಅಂತ ಹೇಳಬೇಕಾಗಿಲ್ಲ.

ಹಾಗೆ ಬಂದವರು ಡಾಕ್ಟರ ಮಾತನ್ನೂ ಬರೆದುಕೊಳ್ಳಲಿ. ಆಗಷ್ಟೇ ಎಚ್ಚರಾದವರು ತಲೆಯಾಡಿಸುತ್ತಾರೆ, ಪ್ರಶ್ನೆಯನ್ನೂ ಕೇಳುತ್ತಾರೆ. ಸಂಜೆಗೆ ಒಂದೂ ನೆನಪಿರುವುದಿಲ್ಲ. ಇಂಗ್ಲಿಷ್ ಕಷ್ಟವೆನಿಸುವ ಅಪ್ಪ ಅಮ್ಮನಿಗೆ ಕನ್ನಡದ ದುಭಾಷಿ ಬೇಕೆಂದು ಮೊದಲೇ ತಿಳಿಸಿ, ಅದಕ್ಕೆ ದುಡ್ಡು ಕೊಡಬೇಕಿಲ್ಲ. ಮುಂದಿನ 24 ಗಂಟೆ ಕಾರು ಓಡಿಸುವುದು, ಕಾಗದಪತ್ರಕ್ಕೆ ಸಹಿ ಹಾಕುವುದು, ಮದ್ಯ ಯಾವುದೂ ಬೇಡ. ‘ನನಗೇನಾಗಿದೆ’ ಎಂದು ಒಲೆ ಮುಂದೆ ನಿಲ್ಲುವ ಅಮ್ಮಂದಿರನ್ನೂ ಆ ದಿನ ಕೂರಿಸಿ.

ಕರುಳು ಅರಳಲೆಂದು ಒಳಗೆ ಗಾಳಿ ಇಲ್ಲವೇ ಕಾರ್ಬನ್ ಡೈಆಕ್ಸೈಡ್ ತುಂಬಿರುತ್ತಾರೆ. ಹೊಟ್ಟೆ ಉಬ್ಬರಿಸಿ ನುಲಿಯುವುದು ಅದರಿಂದಲೇ. ಮರ್ಯಾದೆಗೆ ಅಂಜಿ ಗಾಳಿ ತಡೆದುಕೊಳ್ಳಬೇಡಿ. ಆ ಸದ್ದಿಗೆ ನರ್ಸುಗಳು ಶಭಾಷ್ ಎನ್ನುತ್ತಾರೆ! ಮನೆಯೊಳಗೇ ನಾಲ್ಕು ಹೆಜ್ಜೆ ಓಡಾಡಿ. ಗಂಜಿ, ಇಡ್ಲಿ, ಮೆತ್ತಗಿನ ಮೊಸರನ್ನ ಸಾಕು, ಬಿಸಿಬೇಳೆಬಾತ್ ನಾಳೆಗಿರಲಿ. ಕರುಳು ಖಾಲಿ ಇರುವುದರಿಂದ ಎರಡು ಮೂರು ದಿನ ಮಲವಿಸರ್ಜನೆ ಆಗದಿದ್ದರೂ ಗಾಬರಿ ಬೇಡ. ಬಾಯಿಂದ ಮಾಡುವ ಎಂಡೋಸ್ಕೋಪಿಯಾದರೆ ಗಂಟಲು ಒಂದೆರಡು ದಿನ ಕೆರೆಯುತ್ತದೆ. ಮರಗಟ್ಟಿಸುವ ಸ್ಪ್ರೇ ಹಾಕಿದ್ದರೆ ಗಂಟಲಿಗೆ ಸ್ಪರ್ಶ ಮರಳುವ ತನಕ ನೀರೂ ಬೇಡ, ಉಸಿರುನಾಳಕ್ಕೆ ಹೋದೀತು.

ಕರುಳಿನೊಳಗಿನ ಗಂಟು, ಅಂದರೆ ಪಾಲಿಪ್ ತೆಗೆದಿದ್ದರೆ ಒಂದಿಷ್ಟು ರಕ್ತ ಕಾಣಿಸಬಹುದು. ಆದರೆ ಗಾಯದಿಂದ ಜೋರು ರಕ್ತಸ್ರಾವ ಎರಡು ವಾರ ಬಿಟ್ಟೂ ಆಗುವುದುಂಟು. ಹಾಗಾಗಿ ಊರಿಗೆ ವಿಮಾನದ ಟಿಕೆಟ್ ತೆಗೆಯುವ ಮುನ್ನ ಡಾಕ್ಟರನ್ನು ಕೇಳಿ. ರಕ್ತ ತೆಳುವಾಗಿಸುವ ಮಾತ್ರೆಯನ್ನು ಮತ್ತೆ ಯಾವಾಗ ಶುರುಮಾಡಬೇಕು ಎಂಬುದನ್ನೂ ಕೇಳಿ. ಹೆಚ್ಚುತ್ತಲೇ ಹೋಗುವ ಹೊಟ್ಟೆನೋವು, ಜ್ವರ, ರಕ್ತವಾಂತಿ, ಗಡ್ಡೆಗಡ್ಡೆ ರಕ್ತ, ಡಾಂಬರಿನಂಥ ಕಪ್ಪು ಮಲ, ಎದೆನೋವು, ಉಸಿರಾಟದ ಕಷ್ಟ, ಇವುಗಳಲ್ಲಿ ಯಾವುದು ಬಂದರೂ ಬೆಳಗಾಗಲೆಂದು ಕಾಯದೆ ಎಮರ್ಜೆನ್ಸಿಗೆ ಹೋಗಿ ಅಥವಾ 911ಕ್ಕೆ ಕರೆ ಮಾಡಿ.

ಬಯಾಪ್ಸಿ ವರದಿ ಇಲ್ಲಿ ಎಷ್ಟೋ ಸಲ ಡಾಕ್ಟರ ಫೋನಿಗಿಂತ ಮೊದಲೇ ನಿಮ್ಮ ಮೊಬೈಲಿಗೆ ಬಂದುಬಿಡುತ್ತದೆ. ಅದರಲ್ಲಿ ‘ಅಡಿನೋಮಾ’ ಎಂದಿದ್ದರೆ ಅದು ಕ್ಯಾನ್ಸರ್ ಅಲ್ಲ, ಮುಂದೆಂದೋ ಆಗಬಹುದಾಗಿದ್ದ ಗಂಟು. ಮುಂದಿನ ಪರೀಕ್ಷೆ ಎಷ್ಟು ವರ್ಷಕ್ಕೆ ಎಂದು ಕೇಳಿ, ವರದಿಯ ಪ್ರತಿ ತೆಗೆದಿಡಿ. ಕೆಲಸ, ಊರು, ವಿಮೆ ಬದಲಾದಾಗ ಹೊಸ ಡಾಕ್ಟರು ಮೊದಲು ಕೇಳುವುದು ಅದನ್ನೇ.