ಬಳಸದ ಶೌಚಾಲಯಕ್ಕೆ ಬಿಗಿ ಮುಚ್ಚಳ

ಮಕ್ಕಳು ಊರು ಬಿಟ್ಟ ಮೇಲೆ ಮಹಡಿಯ ಶೌಚಾಲಯಕ್ಕೆ ಬೀಗ ಬೀಳುತ್ತದೆ. ಬೇಸಿಗೆ ಕಳೆಯುವಷ್ಟರಲ್ಲಿ ಮನೆಯೆಲ್ಲ ಕೊಳೆತ ಮೊಟ್ಟೆಯ ವಾಸನೆ. ಫಿನಾಯಿಲ್ ಸುರಿದರೆ ಅರ್ಧ ದಿನ ಅಡಗಿ ಮತ್ತೆ ಬರುತ್ತದೆ.

ಕಾರಣ ಸರಳ. ಕಮೋಡಿನ ಬಾಗಿದ ಕೊಳವೆಯಲ್ಲಿ ನಿಲ್ಲುವ ನೀರೇ ಚರಂಡಿ ಗಾಳಿಗೆ ತಡೆ. ಅದು ಆರಿದರೆ ಹೈಡ್ರೋಜನ್ ಸಲ್ಫೈಡ್, ಮೀಥೇನ್ ಅನಿಲಗಳು ನೇರವಾಗಿ ಒಳಗೆ ಬರುತ್ತವೆ, ಜೊತೆಗೆ ಜಿರಳೆಗಳೂ.

ಮುಂದೆ ಬಳಸುವುದಿದ್ದರೆ ವಾರಕ್ಕೊಮ್ಮೆ ಒಂದು ಬಕೆಟ್ ನೀರು ಸುರಿಯಿರಿ. ನೆಲದ ಜಾಲರಿಗೂ ಒಂದು ಚೊಂಬು ಹಾಕಿ. ಹೆಚ್ಚು ದಿನ ಊರಿಗೆ ಹೋಗುವುದಾದರೆ ಆ ನೀರಿನ ಮೇಲೆ ಸ್ವಲ್ಪ ಅಡುಗೆ ಎಣ್ಣೆ ಬಿಡಿ. ನೀರು ಬೇಗ ಆರುವುದಿಲ್ಲ.

ಇನ್ನೆಂದೂ ಬೇಡವೆಂದಾದರೆ ಪ್ಲಂಬರ್ ಕರೆಸಿ ಕಮೋಡ್ ತೆಗೆಸಿ. ನಮ್ಮಲ್ಲಿ ಕಮೋಡಿನ ಚರಂಡಿ ಪೈಪು ಸಾಮಾನ್ಯವಾಗಿ 110 ಮಿ.ಮೀ. ಪಿವಿಸಿ. ಅದರ ಬಾಯಿ ಒರೆಸಿ ಒಣಗಿಸಿ, ಅದೇ ಅಳತೆಯ ಎಂಡ್ ಕ್ಯಾಪನ್ನು ಸಾಲ್ವೆಂಟ್ ಸಿಮೆಂಟ್ ಹಚ್ಚಿ ಕೂರಿಸಬೇಕು. ಬಟ್ಟೆ ತುರುಕಿ ಗಾರೆ ಮೆತ್ತಿದರೆ ಬಿರುಕು ಬಿಡಬಹುದು. ಬಟ್ಟೆ ಒಳಗೆ ಜಾರಿದರೆ ಪೈಪೇ ಕಟ್ಟಿಕೊಳ್ಳುತ್ತದೆ. ತಾರಸಿಯ ಮೇಲೆದ್ದ ಗಾಳಿ ಕೊಳವೆಯನ್ನು ಮಾತ್ರ ಎಂದಿಗೂ ಮುಚ್ಚಬೇಡಿ.

ಆ ವಾಸನೆಯನ್ನು ಊದುಬತ್ತಿಯಿಂದ ಮರೆಸಬೇಡಿ. ಕಿಟಕಿ ತೆರೆಯಿರಿ, ಇವತ್ತೇ ಒಂದು ಬಕೆಟ್ ನೀರು ಹಾಕಿ ನೋಡಿ.